ಪಂಪು ಬಿಚ್ಚುವ ಮೊದಲು ಟೈರಿನ ಅಳತೆ ನೋಡಿ

ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ನಮ್ಮ ಗ್ಯಾರೇಜಿನ ಅಂಗಳದಲ್ಲಿ ಪ್ರತಿ ವರ್ಷ ಒಂದೇ ದೂರು ಕೇಳಿಬರುತ್ತದೆ. ಜೀಪೋ ಬೊಲೆರೊವೋ ಥಾರೋ ಬಂದು ನಿಲ್ಲುತ್ತದೆ, ಮಾಲೀಕರು ಬಾಗಿಲು ತೆಗೆಯುತ್ತಲೇ, "ಏನ್ರಿ ಮಿಸ್ತ್ರಿ, ಹೊಸಾ ಟೈರ್ ಹಾಕಿಸಿದ ಮ್ಯಾಲ ಗಾಡಿ ಡೀಸೆಲ್ ಕುಡ್ಯಾಕ ಹತ್ತೈತಿ. ಪಂಪ್ ಒಂದ್ಸಲ ಬಿಚ್ಚಿ ನೋಡ್ರಿ" ಎನ್ನುತ್ತಾರೆ. ಪಂಪ್ ಎಂದರೆ ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು. ಕಾರಣವನ್ನು ಅವರೇ ಮೊದಲ ಅರ್ಧ ವಾಕ್ಯದಲ್ಲಿ ಹೇಳಿರುತ್ತಾರೆ, ಆದರೆ ಮದ್ದನ್ನು ಮಾತ್ರ ಬೇರೆ ಕಡೆ ಹುಡುಕುತ್ತಿರುತ್ತಾರೆ. ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು, ಕ್ಲಚ್ ಜಾರಬಾರದು, ಬ್ರೇಕು ಹಿಡಿದುಕೊಂಡಿರಬಾರದು ಎಂಬುದನ್ನೆಲ್ಲ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳಬೇಕಾಗಿಲ್ಲ. ನಾನು ಹೇಳಬೇಕಾಗಿರುವುದು ಒಂದೇ ಮಾತು, ಮತ್ತು ಅದನ್ನು ಇಷ್ಟು ವರ್ಷ ಬಾಯಿಂದ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಡ್ಯಾಶ್‌ಬೋರ್ಡಿನ ಮೀಟರಿಗೆ ರಸ್ತೆ ಕಾಣಿಸುವುದಿಲ್ಲ. ಅದು ಎಣಿಸುವುದು ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದನ್ನು ಮಾತ್ರ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಂಪನಿಯವರು ತಮ್ಮ ಟೈರಿನ ಸುತ್ತಳತೆಯನ್ನು ಇಟ್ಟುಕೊಂಡು ಅದಕ್ಕೆ ಕಲಿಸಿ ಕಳಿಸಿರುತ್ತಾರೆ. ನೀವು ದೊಡ್ಡ ಟೈರು ಹಾಕಿದಾಗ ಚಕ್ರವು ಪ್ರತಿ ಸುತ್ತಿಗೂ ಹೆಚ್ಚು ನೆಲವನ್ನು ದಾಟುತ್ತದೆ, ಆದರೆ ಮೀಟರು ಹಳೆಯ ಪಾಠವನ್ನೇ ಒಪ್ಪಿಸುತ್ತಿರುತ್ತದೆ. ಹೀಗಾಗಿ ಗಾಡಿ ನಿಜವಾಗಿ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರು ತೋರಿಸುತ್ತದೆ. ಆ ಕಡಿಮೆ ಅಂಕಿಯನ್ನು ನೀವು ಲೀಟರಿನಿಂದ ಭಾಗಿಸುತ್ತೀರಿ, ಎವರೇಜು ಬಿದ್ದುಹೋಯಿತು ಎಂದು ಕೂಗುತ್ತೀರಿ.

ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ, ಏಕೆಂದರೆ ತಲೆಯಾಡಿಸಿ ಹೋದವರೇ ಮುಂದಿನ ವರ್ಷ ಮತ್ತೆ ಬಂದಿದ್ದಾರೆ. ಬೊಲೆರೊದಲ್ಲಿ ಸಾಮಾನ್ಯವಾಗಿ ಕಾಣುವ ಟೈರು 215/75 ಆರ್ 15. ಇದರಲ್ಲಿ 215 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 75 ಎಂಬುದು ಆ ಅಗಲದ ಶೇಕಡಾ ಎಷ್ಟು ಎತ್ತರ ಟೈರಿನ ಪಕ್ಕೆಗೆ ಇದೆ ಎಂಬುದು, 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ರಿಮ್ಮು 381 ಮಿಲಿಮೀಟರು, ಮೇಲೆ ಕೆಳಗೆ ಎರಡೂ ಪಕ್ಕೆ ಸೇರಿ 322.5, ಟೈರಿನ ಒಟ್ಟು ವ್ಯಾಸ 703.5 ಮಿಲಿಮೀಟರು. ಹುಡುಗರು ಆಸೆಪಟ್ಟು ಹಾಕಿಸುವ 31 ಇಂಚಿನ ಮಡ್ ಟೈರು ಸುಮಾರು 787 ಮಿಲಿಮೀಟರು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.12 ಬರುತ್ತದೆ, ಅಂದರೆ ಮೀಟರು 100 ಎಂದಾಗ ಗಾಡಿ 112 ಕಿಲೋಮೀಟರು ಓಡಿರುತ್ತದೆ. ಮೊದಲು 35 ಲೀಟರಿಗೆ 455 ಕಿಲೋಮೀಟರು, ಅಂದರೆ ಲೀಟರಿಗೆ 13 ಕೊಡುತ್ತಿದ್ದ ಗಾಡಿ, ಟೈರು ಬದಲಾದ ಮೇಲೆ ಅದೇ 35 ಲೀಟರಿಗೆ 350 ತೋರಿಸಿತು ಎಂದುಕೊಳ್ಳಿ. ಮಾಲೀಕರ ಪ್ರಕಾರ ಎವರೇಜು 10, ಮೂರು ಕಿಲೋಮೀಟರು ನಷ್ಟ. ಆದರೆ ನಿಜವಾಗಿ ಓಡಿದ್ದು 392, ಎವರೇಜು 11.2. ಕಳೆದುಹೋದ ಮೂರರಲ್ಲಿ 1.2 ಎಲ್ಲಿಗೂ ಹೋಗಿಲ್ಲ, ಮೀಟರಿನ ಲೆಕ್ಕಕ್ಕೆ ಬಂದಿಲ್ಲ ಅಷ್ಟೆ. ಉಳಿದ 1.8 ಮಾತ್ರ ನಿಜವಾದ ನಷ್ಟ. ಈ ಎರಡನ್ನೂ ಬೇರ್ಪಡಿಸದೆ ಪಂಪು ಬಿಚ್ಚಿಸಿದರೆ ಎಂಜಿನ್ನಿನಲ್ಲಿ ಇಲ್ಲದ ರೋಗಕ್ಕೆ ಔಷಧ ಕೊಟ್ಟಂತಾಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಕೆಲಸ ಕಲಿತು ಸ್ವಂತ ಗ್ಯಾರೇಜು ತೆರೆದ ಹೊಸತರಲ್ಲಿ ಗದಗಿನ ಕಡೆಯ ಗಣಿತದ ಮಾಸ್ತರರೊಬ್ಬರು ತಮ್ಮ ಹಳೆಯ ಜೀಪನ್ನು ಇದೇ ದೂರಿನೊಂದಿಗೆ ತಂದರು. ನಾನು ದೊಡ್ಡ ತಜ್ಞನಂತೆ ಪಂಪು ಬಿಚ್ಚಿ, ಕ್ಯಾಲಿಬ್ರೇಷನ್ನಿಗೆ ಕಳಿಸಿ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನೂ ಬದಲಿಸಿ ಬಿಲ್ಲು ಬರೆದೆ. ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದರು. ಸಿಟ್ಟು ಮಾಡಲಿಲ್ಲ. ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಹಿಂದಿನ ಟೈರಿನ ಮೇಲೂ ಅದರ ನೇರಕ್ಕೆ ನೆಲದ ಮೇಲೂ ಒಂದೊಂದು ಗೆರೆ ಎಳೆದರು. "ಈಗ ನಿಧಾನಕ ಮುಂದ ತಳ್ರಿ" ಎಂದರು. ನಾನೂ ಇಬ್ಬರು ಹುಡುಗರೂ ಜೀಪನ್ನು ತಳ್ಳಿದೆವು, ಟೈರಿನ ಗೆರೆ ಹತ್ತು ಸಲ ಕೆಳಗೆ ಬಂದು ನೆಲ ಮುಟ್ಟುವವರೆಗೂ ಅವರು ಬಗ್ಗಿಕೊಂಡೇ ಎಣಿಸುತ್ತ ಬಂದರು. ನೆಲದ ಮೇಲೆ ಟೇಪು ಹಿಡಿದು ಅಳೆದು, ಹತ್ತರಿಂದ ಭಾಗಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟೈರಿನ ಅಳತೆಯ ಪಕ್ಕದಲ್ಲಿ ಅದನ್ನು ಬರೆದು ತೋರಿಸಿದರು. ಅಂದು ನಾನು ಕ್ಯಾಲಿಬ್ರೇಷನ್ನಿನ ಹಣವನ್ನು ವಾಪಸು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ, ಅದು ನಿಮ್ಮ ಟ್ಯೂಷನ್ ಫೀ ಎಂದರು. ಆ ಫೀ ತೆಗೆದುಕೊಳ್ಳಬೇಕಾದವರು ಪಾಠ ಕಲಿಸಿದ ಅವರಾಗಿದ್ದರು ಎಂಬುದು ನನಗೆ ತಿಳಿಯಲು ಮನೆಗೆ ಹೋಗುವವರೆಗೆ ಸಮಯ ಬೇಕಾಯಿತು.

ಗಾಡಿಯ ಭಾರಕ್ಕೆ ಟೈರು ಕೆಳಗೆ ಸ್ವಲ್ಪ ಚಪ್ಪಟೆಯಾಗುವುದರಿಂದ ಹೀಗೆ ಅಳೆದ ಸುತ್ತಳತೆ ಕಾಗದದ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. ಒಂದೇ ನಂಬರಿನ ಟೈರು ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಅಳತೆ ಕೊಡುವುದೂ ಉಂಟು. ಆದ್ದರಿಂದ ಪಕ್ಕೆಯ ಮೇಲೆ ಬರೆದ ಅಂಕಿಯನ್ನು ಆರಂಭಕ್ಕೆ ಇಟ್ಟುಕೊಳ್ಳಿ, ಕೊನೆಯ ಮಾತಿಗೆ ರಸ್ತೆಯನ್ನೇ ಕೇಳಿ. ಹೆದ್ದಾರಿಯ ಕಿಲೋಮೀಟರು ಕಲ್ಲುಗಳು ಇರುವುದೇ ಅದಕ್ಕೆ. ಟ್ರಿಪ್ ಮೀಟರನ್ನು ಒಂದು ಕಲ್ಲಿನ ಎದುರು ಸೊನ್ನೆಗೆ ತಂದು, ಅದನ್ನು ಬಿಟ್ಟು ಮುಂದಿನ ಇಪ್ಪತ್ತನೆಯ ಕಲ್ಲಿನ ಎದುರು ನೋಡಿ. ರಸ್ತೆ ಅಗಲ ಮಾಡಿದ ಕಡೆ ಕಲ್ಲುಗಳು ಕಿತ್ತುಹೋಗಿರುತ್ತವೆ ಅಥವಾ ಜರುಗಿರುತ್ತವೆ, ಅಂಥಲ್ಲಿ ಫೋನಿನ ಜಿಪಿಎಸ್ ಸಾಕು. ಎರಡು ಮೂರು ಕಿಲೋಮೀಟರು ನೋಡಿ ನಿರ್ಣಯಕ್ಕೆ ಬರಬಾರದು.

ನವಲಗುಂದದ ಕಡೆಯ ರೈತರೊಬ್ಬರಿಗೆ ಈ ಮಾತನ್ನು ಮೂರು ಸಲ ಹೇಳಿ ಸೋತು, ಕೊನೆಗೆ ಅವರ ಪಕ್ಕದಲ್ಲಿ ಕೂತು ಗದಗ ರಸ್ತೆಯಲ್ಲಿ ಅಣ್ಣಿಗೇರಿಯ ಕಡೆಗೆ ಹೊರಟೆ. ಅವರ ಬೊಲೆರೊಗೆ ಅದೇ 31 ಇಂಚಿನ ಟೈರು, ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್, ಕ್ಯಾರಿಯರಿನ ಮೇಲೆ ಉಪಯೋಗವಿಲ್ಲದ ಒಂದು ಹೆಚ್ಚುವರಿ ಟೈರು. ಕಲ್ಲು ಬಂದಾಗಲೆಲ್ಲ ಅವರು ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿ ಎಣಿಸುತ್ತಿದ್ದರು. ಇಪ್ಪತ್ತು ಮುಗಿದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಮೀಟರಿಗೆ ಮುಖ ತಾಗಿಸಿ ನೋಡಿದರು. "ಇಪ್ಪತ್ತು ಕಲ್ಲು ಆತ್ರಿ. ಇದು ಹದಿನೇಳು ಪಾಯಿಂಟ್ ಒಂಬತ್ತು ಅನ್ನಾಕತ್ತೈತಿ. ಉಳಿದ ಎರಡು ಕಿಲೋಮೀಟರ್ ಯಾರು ತಿಂದ್ರು?" ಎಂದು ನನ್ನನ್ನೇ ಕೇಳಿದರು. ಯಾರೂ ತಿಂದಿಲ್ಲ ಎಂಬುದನ್ನೇ ಮೂರು ಸಲದಿಂದ ಹೇಳುತ್ತಿದ್ದೆ ಎಂದೆ. ಮರಳಿ ಬರುವಾಗ ಅವರು ಮತ್ತೊಮ್ಮೆ ಎಣಿಸಿದರು. ನನ್ನ ಮಾತಿಗಿಂತ ಕಲ್ಲಿನ ಮೇಲೆ ಅವರಿಗೆ ನಂಬಿಕೆ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ.

ಇದರ ಇನ್ನೊಂದು ಮುಖವನ್ನು ಗಮನಿಸುವವರು ಇನ್ನೂ ಕಡಿಮೆ. ಟೈರಿನ ಸೈಜು ಬದಲಾಗದಿದ್ದರೂ ಲೆಕ್ಕ ಬದಲಾಗುತ್ತದೆ. ಹೊಸ ಟೈರಿನ ಹಲ್ಲು 8 ಮಿಲಿಮೀಟರು ಇದ್ದು ಸವೆದು 2ಕ್ಕೆ ಬಂದರೆ ವ್ಯಾಸದಲ್ಲಿ 12 ಮಿಲಿಮೀಟರು ಕಳೆಯಿತು, 703ರ ಟೈರಿನಲ್ಲಿ ಅದು ಶೇಕಡಾ 1.7. ಸವೆದ ಟೈರು ಹೆಚ್ಚು ಸುತ್ತುತ್ತದೆ, ಮೀಟರು ಹೆಚ್ಚು ತೋರಿಸುತ್ತದೆ, ಎವರೇಜು ಸುಳ್ಳಾಗಿ ಏರುತ್ತದೆ. ಬೋಳು ಟೈರು ತೆಗೆದು ಅದೇ ಅಳತೆಯ ಹೊಸದನ್ನು ಹಾಕಿಸಿದ ದಿನ ಎವರೇಜು ಬಿದ್ದಂತೆ ಕಾಣುವುದಕ್ಕೆ ಅರ್ಧ ಕಾರಣ ಇದು. ಹೊಸ ಹಲ್ಲಿನ ರಬ್ಬರು ಹೆಚ್ಚು ಮಿಸುಕಾಡಿ ಶಕ್ತಿ ತಿನ್ನುತ್ತದೆ ಎಂಬುದು ಇನ್ನರ್ಧ. ಎವರೇಜು ಚೆನ್ನಾಗಿದೆ ಎಂದು ಬೋಳು ಟೈರಿನಲ್ಲೇ ಮಳೆಗಾಲ ಕಳೆದವರನ್ನು ನಾನು ಬಲ್ಲೆ. ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಇನ್ನು ನಿಜವಾದ 1.8ರ ವಿಷಯ. ದೊಡ್ಡ ಟೈರು ಭಾರ, ಅದರ ಹಲ್ಲು ಒರಟು. ಅಲ್ಲದೆ ವ್ಯಾಸ ಶೇಕಡಾ 12ರಷ್ಟು ಏರಿದಾಗ ಅದೇ ಗೇರಿನಲ್ಲಿ ನೆಲಕ್ಕೆ ಸಿಗುವ ಎಳೆತ ಸುಮಾರು ಶೇಕಡಾ 11 ಇಳಿಯುತ್ತದೆ. ಎಂಜಿನ್ ಕಡಿಮೆ ಸುತ್ತುತ್ತದೆ, ಆದ್ದರಿಂದ ಡೀಸೆಲ್ ಉಳಿಯುತ್ತದೆ ಎಂದು ವಾದಿಸುವವರಿದ್ದಾರೆ. ಸಪಾಟು ಹೆದ್ದಾರಿಯಲ್ಲಿ, ನಿಧಾನದ ಓಟದಲ್ಲಿ ಕೆಲವು ಗಾಡಿಗಳ ಮಟ್ಟಿಗೆ ಆ ವಾದಕ್ಕೆ ಸ್ವಲ್ಪ ಜೀವ ಇರಬಹುದು, ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅಂಕೋಲೆಗೆ ಹೊರಟು ಅರಬೈಲು ಘಟ್ಟ ಹತ್ತಿ ಇಳಿಯುವವರಿಗೆ, ಎರೆ ಹೊಲದ ದಾರಿಯಲ್ಲಿ ಗೊಬ್ಬರದ ಚೀಲ ಹೇರುವವರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಒಂದು ಗೇರು ಕೆಳಗಿಳಿಸಿಯೇ ಓಡಿಸಬೇಕಾಗುತ್ತದೆ. ಬ್ರೇಕಿಗೂ ಅಷ್ಟೇ ಹೆಚ್ಚು ಶ್ರಮ ಎಂಬುದನ್ನು ಮರೆಯಬಾರದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆಯಾದ್ದರಿಂದ, ದೊಡ್ಡ ಟೈರು ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಒಳ್ಳೆಯದು.

ನಮ್ಮ ಸೀಮೆಯ ನಷ್ಟ ಹೆಚ್ಚಾಗಿ ಎರೆ ಮಣ್ಣಿನಿಂದ ಬರುತ್ತದೆ. ಹೊಲದಲ್ಲಿ ಹೂತುಕೊಳ್ಳದಿರಲಿ ಎಂದು ಟೈರಿನ ಗಾಳಿಯ ಒತ್ತಡವನ್ನು 18-20 ಪಿಎಸ್‌ಐಗೆ ಇಳಿಸುವುದು ಸರಿಯಾದ ಕ್ರಮ. ಟೈರಿನ ಪಾದ ಉದ್ದವಾಗಿ ಭಾರ ಹಂಚಿಹೋಗುತ್ತದೆ. ಡಾಂಬರಿಗೆ ಬಂದ ಮೇಲೆ ತುಂಬಿಸದೆ ಅದೇ ಗಾಳಿಯಲ್ಲಿ ಹುಬ್ಬಳ್ಳಿಯವರೆಗೆ ಓಡಿಸುವುದು ತಪ್ಪು. ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಆ ಬಿಸಿಯೆಲ್ಲ ನಿಮ್ಮ ಡೀಸೆಲ್ಲೇ. ಟೈರು ಒಡೆಯುವ ಅಪಾಯ ಬೇರೆ. ಗಾಡಿಯ ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಒಂದನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಎಷ್ಟು ಗಾಳಿ ಎಂಬುದನ್ನು ನನ್ನನ್ನಾಗಲಿ ಪಂಚರಿನ ಅಂಗಡಿಯ ಹುಡುಗನನ್ನಾಗಲಿ ಕೇಳಬೇಡಿ, ಗಾಡಿಯ ಬಾಗಿಲಿನ ಅಂಚಿನ ಪಟ್ಟಿಯಲ್ಲೋ ಪುಸ್ತಕದಲ್ಲೋ ಇದೆ. ಟೈರು ತಣ್ಣಗಿದ್ದಾಗ ನೋಡಿ. ರಿಮ್ಮಿನ ಒಳಬದಿಯನ್ನೂ ಒಮ್ಮೆ ಬಗ್ಗಿ ನೋಡಿ. ಕಪ್ಪತಗುಡ್ಡದ ಕೆಳಗಿನ ಗಾಳಿಯಂತ್ರಗಳ ಕೆಲಸಕ್ಕೆ ಓಡುವ ಗಾಡಿಯೊಂದರ ನಾಲ್ಕು ರಿಮ್ಮುಗಳಿಂದ ಒಣಗಿ ಇಟ್ಟಿಗೆಯಂತಾದ ಮಣ್ಣನ್ನು ಸ್ಕ್ರೂಡ್ರೈವರಿನಿಂದ ಒಡೆದು ತೆಗೆದಾಗ ಒಂದು ಬುಟ್ಟಿ ತುಂಬಿತು. ಚಾಲಕ ಅಷ್ಟು ದಿನ ಸ್ಟೇರಿಂಗ್ ನಡುಗುತ್ತದೆ ಎಂದು ಅಲೈನ್‌ಮೆಂಟ್ ಮಾಡಿಸುತ್ತಿದ್ದ.

ಫೋರ್ ವೀಲ್ ಲಿವರನ್ನು ಡಾಂಬರಿನ ಮೇಲೆ ಟೂ ವೀಲಿಗೆ ತರುವುದು, ಹಳೆಯ ಜೀಪಿನಲ್ಲಿ ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಫ್ರೀ ವೀಲಿಂಗ್ ಹಬ್ ಅನ್ನು ಬಿಡಿಸುವುದು, ಕ್ಯಾರಿಯರ್ ಇಳಿಸುವುದು, ಡೀಸೆಲ್ ಉಳಿಸುವ ಇವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇನೆ. ವೇಗದ ಬಗ್ಗೆ ಒಂದೇ ಅಂಕಿ: 80ರಿಂದ 100ಕ್ಕೆ ಏರಿಸಿದರೆ ಗಾಳಿಯ ಎದುರೊತ್ತು ಶೇಕಡಾ 56 ಏರುತ್ತದೆ, ಪೆಟ್ಟಿಗೆಯಂಥ ಮೈಯ ಜೀಪಿಗೆ ಅದು ಕಾರಿಗಿಂತ ಬೇಗ ತಾಗುತ್ತದೆ. ದೊಡ್ಡ ಟೈರಿನ ಗಾಡಿಯಲ್ಲಿ ನೀವು 90 ಎಂದುಕೊಂಡಿದ್ದು 100 ಆಗಿರಬಹುದು ಎಂಬುದನ್ನೂ ಸೇರಿಸಿ ನೋಡಿ. ಇಷ್ಟೆಲ್ಲ ಸರಿಮಾಡಿದ ಮೇಲೂ ಎವರೇಜು ಏರದಿದ್ದರೆ, ಹೊಗೆ ಕಪ್ಪಾಗಿದ್ದರೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾಗುತ್ತಿದ್ದರೆ ಆಗ ಪಂಪಿನ, ನಾಜಲ್ಲಿನ ಮಾತಾಡೋಣ. ಆಗಲೂ ಗಾಡಿಯನ್ನು ನೋಡದೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ. ಎವರೇಜು ನೋಡುವಾಗ ಒಂದೇ ಬಂಕಿನಲ್ಲಿ, ಬಂಕಿನ ಒಂದೇ ನಾಜಲ್ಲಿನಿಂದ, ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವವರೆಗೆ ನೋಡಿ. ಡೀಸೆಲ್ ನೊರೆ ಬರುವುದರಿಂದ ಬಂಕಿನ ಪಂಪು ತಾನಾಗಿ ನಿಂತ ಮೇಲೆ ನೊರೆ ಇಳಿಯುವವರೆಗೆ ಕಾಯದಿದ್ದರೆ ಲೀಟರಿನ ಲೆಕ್ಕವೂ ತಪ್ಪುತ್ತದೆ.

ಹಳೆಯ ಜೀಪುಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಮೀಟರಿನ ಕೇಬಲ್ಲನ್ನು ತಿರುಗಿಸುವ ಚಿಕ್ಕ ಗೇರು ಇರುತ್ತದೆ, ಬೇರೆ ಹಲ್ಲಿನದು ಸಿಕ್ಕರೆ ಬದಲಿಸಿ ಮೀಟರನ್ನೇ ಸರಿ ಮಾಡಬಹುದು. ಹೊಸ ಗಾಡಿಗಳಲ್ಲಿ ಅದು ಸೆನ್ಸಾರು ಮತ್ತು ಕಂಪ್ಯೂಟರಿನ ಕೆಲಸ, ಎಲ್ಲದರಲ್ಲೂ ಆಗುವುದಿಲ್ಲ. ನವಲಗುಂದದ ರೈತರು ಇದಾವುದನ್ನೂ ಮಾಡಿಸಲಿಲ್ಲ. ಕ್ಯಾರಿಯರನ್ನೂ ಅದರ ಮೇಲಿನ ಟೈರನ್ನೂ ಇಳಿಸಿ, ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ 1.12 ಎಂದು ಬರೆಸಿಕೊಂಡು, ಪ್ರತಿ ಸಲ ಅದರಿಂದ ಗುಣಿಸುತ್ತಾರೆ. ಈ ವರ್ಷ ಬ್ರೇಕ್ ಲೈನರ್ ಹಾಕಿಸಲು ಬಂದವರು ಎಂಜಿನ್ ಆಯಿಲ್ಲಿನ ಸ್ಟಿಕ್ಕರನ್ನು ತೋರಿಸಿ ಒಂದು ಪ್ರಶ್ನೆ ಕೇಳಿದರು: "ಹತ್ತು ಸಾವಿರಕ್ಕ ಆಯಿಲ್ ಅಂತ ಬರದೀರಿ. ಅದು ಮೀಟರಿನ ಹತ್ತು ಸಾವಿರೋ, ಕಲ್ಲಿನ ಹತ್ತು ಸಾವಿರೋ?" ಇಷ್ಟು ವರ್ಷದಲ್ಲಿ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮೀಟರು ಹತ್ತು ಸಾವಿರ ಎನ್ನುವಾಗ ರಸ್ತೆ ಹನ್ನೊಂದು ಸಾವಿರದ ಇನ್ನೂರಾಗಿರುತ್ತದೆ. ಸ್ಟಿಕ್ಕರನ್ನು ಕಿತ್ತು ಎಂಟು ಸಾವಿರದ ಒಂಬೈನೂರು ಎಂದು ಹೊಸದಾಗಿ ಬರೆದು ಅಂಟಿಸಿದೆ.