ಬರೀ ಅಟ್ಯಾಕ್ ಒತ್ತಿದರೆ ಸೋಲುವ ಆಟಗಳು

ಹಗಲು ನಾನು ಗೇಮ್ ಡಿಸೈನ್ ಕೆಲಸ ಮಾಡುತ್ತೇನೆ. ಸಂಜೆ ಮೈಸೂರಿನ ಕುವೆಂಪುನಗರದ ಒಂದು ಬಾಡಿಗೆ ರೂಮಿನಲ್ಲಿ ಅದನ್ನೇ ಪಾಠ ಹೇಳುತ್ತೇನೆ. ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಹತ್ತಿರ ಇರುವುದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಓದುವಾಗ ತಗೊಂಡಿದ್ದು, ಈಗ ಇವರ ಪಾಲಿಗೆ ಬಂದಿರುತ್ತದೆ. ಇವತ್ತಿನ ದೊಡ್ಡ ಗೇಮ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ. ಹಾಗಾಗಿ ಮೊದಲ ವಾರವೇ ನಾನು ಅವರಿಗೆ ಕಡಿಮೆ ದುಡ್ಡಿನ, ಹಳೇ ಶೈಲಿಯ ರೋಲ್ ಪ್ಲೇಯಿಂಗ್ (ಆರ್‌ಪಿಜಿ, ಅಂದರೆ ಕಥೆಯ ಒಂದು ಪಾತ್ರವಾಗಿ ನಾವೇ ಆಡುವ) ಗೇಮ್‌ಗಳನ್ನು ಆಡಲು ಕೊಡುತ್ತೇನೆ. ಅವರಿಗೆ ಬೇರೆ ದಾರಿ ಇಲ್ಲ ಅಂತ ಕೊಡುವುದಲ್ಲ. ನನಗೆ ಈ ಗೇಮ್‌ಗಳ ಮೇಲೆ ನಿಜವಾದ ಪ್ರೀತಿ ಇದೆ.

ಪಾಂಡವಪುರದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗನ ಮುಂದೆ ಇಂಥ ಒಂದು ಗೇಮ್ ಇಟ್ಟೆ. ಎರಡು ನಿಮಿಷ ನೋಡಿದ. "ಇದೇನ್ ಮೇಡಂ, ನಮ್ಮಪ್ಪನ ಕಾಲದ್ ಗೇಮ್ ಇದ್ದಂಗೈತೆ" ಅಂದ. "ಸುಮ್ನೆ ಹತ್ತು ನಿಮಿಷ ಆಡಪ್ಪ, ಆಮೇಲೆ ಮಾತಾಡೋಣ" ಅಂದೆ. ಅವನು ಪರದೆಯನ್ನೂ ಸರಿಯಾಗಿ ನೋಡದೆ ಎಂಟರ್ ಒತ್ತುತ್ತಾ ಹೋದ. ಮೂರನೇ ರಾಕ್ಷಸನ ಹತ್ತಿರ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ. ಮೂರನೇ ಸಲ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತ. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದತೊಡಗಿದ. ನನಗೆ ಬೇಕಾಗಿದ್ದು ಅದೇ.

ಆ ಗೇಮ್ ಹೆಲೆನ್ಸ್ ಮಿಸ್ಟೀರಿಯಸ್ ಕ್ಯಾಸಲ್. ಜಪಾನಿನದು, ಇಂಗ್ಲಿಷಿನಲ್ಲಿ, ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದಿದ್ದು 2016ರಲ್ಲಿ. ಜಾಸ್ತಿ ಮಾತಾಡದ ಒಬ್ಬ ಹುಡುಗಿ ಕೋಟೆಯೊಳಗೆ ಇಳಿದು ಹೋಗುತ್ತಾಳೆ, ಕಥೆ ಅಷ್ಟೇ ಅನ್ನಿಸುತ್ತದೆ. ಚಿತ್ರಗಳೂ ತೀರಾ ಸಾದಾ. ಆದರೆ ಹೊಡೆದಾಟದ ಹೆಣಿಗೆ ನೋಡಿ. ಯಾವಾಗಲೂ ಒಬ್ಬರಿಗೆ ಒಬ್ಬರು. ಪ್ರತಿ ಆಯುಧಕ್ಕೆ ಮುಖ್ಯವಾಗಿ ಮೂರು ಅಂಕಿ: ಎಷ್ಟು ಹೊಡೆಯುತ್ತದೆ, ಎಷ್ಟು ತಡೆಯುತ್ತದೆ, ಎಷ್ಟು ಹೊತ್ತು ಕಾಯಿಸುತ್ತದೆ. ಎದುರಾಳಿ ಏನು ಮಾಡಲು ಹೊರಟಿದ್ದಾನೆ, ಅವನ ಏಟಿಗೆ ಇನ್ನೆಷ್ಟು ಹೊತ್ತಿದೆ ಅನ್ನುವುದೂ ಕಣ್ಣೆದುರೇ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಅಂಕಿಗಳು ನಾನೇ ಹಾಕಿಕೊಂಡಿದ್ದು. ಎದುರಾಳಿಯ ದೊಡ್ಡ ಏಟು ಬೀಳಲು 20 ಎಣಿಕೆ ಬಾಕಿ ಇದೆ. ನಿಮ್ಮ ಭಾರಿ ಕತ್ತಿಗೆ 30 ಎಣಿಕೆ ಬೇಕು, ಚಿಕ್ಕ ಚಾಕುವಿಗೆ 9 ಸಾಕು. ಕತ್ತಿ ಎತ್ತಿದರೆ ನೀವು ಬೀಸುವ ಮೊದಲೇ ಅವನ ಏಟು ನಿಮ್ಮ ಮೇಲೆ ಬಿದ್ದಿರುತ್ತದೆ. ಚಾಕುವಿನಲ್ಲಿ ಎರಡು ಸಲ ಚುಚ್ಚಬಹುದು, 18 ಆಯಿತು. ಉಳಿದ ಎರಡು ಎಣಿಕೆಯಲ್ಲಿ ಗುರಾಣಿ ಹಿಡಿಯುವುದೋ, ಇಲ್ಲ ಏಟು ತಿಂದಾದರೂ ಸರಿ ಮೂರನೇ ಸಲ ಚುಚ್ಚುವುದೋ? ಹೀಗೆ ಪ್ರತಿ ಸಲವೂ ಒಂದು ಸಣ್ಣ ಲೆಕ್ಕ. ಬಾಯಿಲೆಕ್ಕ ಬರುವ ಯಾರಿಗಾದರೂ ಸಾಕು, ಬೆರಳಿನ ಚುರುಕು ಬೇಕಿಲ್ಲ.

ಈ ಬಗೆಯ ಗೇಮ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ನಾನು ಮಾಡುವ ಪರೀಕ್ಷೆ ಇದೊಂದೇ. ಕಣ್ಣು ಮುಚ್ಚಿಕೊಂಡು ಅಟ್ಯಾಕ್ ಒತ್ತುತ್ತಾ ಹೋದರೆ ಏನಾಗುತ್ತದೆ? ಗೆಲ್ಲುತ್ತಲೇ ಹೋಗುವುದಾದರೆ ಆ ಗೇಮ್ ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ. ಕೋಟಿಗಟ್ಟಲೆ ಖರ್ಚಿನ ಗೇಮ್‌ಗಳೂ ಈ ಪರೀಕ್ಷೆಯಲ್ಲಿ ಬೀಳುವುದನ್ನು ನೋಡಿದ್ದೇನೆ. ಅಲ್ಲಿ ನಮ್ಮನ್ನು ಹಿಡಿದಿಡುವುದಕ್ಕೆ ಚಿತ್ರ, ಸಂಗೀತ, ಸಿನಿಮಾದಂಥ ದೃಶ್ಯ ಎಲ್ಲ ಇರುತ್ತವೆ. ಒಬ್ಬರೋ ಇಬ್ಬರೋ ಸೇರಿ ಮಾಡಿದ ಗೇಮ್‌ಗೆ ಆ ಅನುಕೂಲ ಇಲ್ಲ. ಆಟವೇ ಗಟ್ಟಿಯಾಗಿರಬೇಕು.

ಈ ಶೈಲಿ ಹುಟ್ಟಿದ್ದೂ ಕೊರತೆಯಿಂದಲೇ. 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಇಡೀ ಗೇಮ್ 64 ಕಿಲೋಬೈಟ್‌ನಲ್ಲಿತ್ತು. ನೀವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಪಾನಿ ಭಾಷೆಯ ಕಟಕಾನಾ ಲಿಪಿಯ ಎಲ್ಲ ಅಕ್ಷರಗಳಿಗೂ ಅದರಲ್ಲಿ ಜಾಗ ಇರಲಿಲ್ಲ. ಕೆಲವನ್ನು ಮಾತ್ರ ಆರಿಸಿಟ್ಟುಕೊಂಡು, ಅವುಗಳಲ್ಲೇ ಬರೆಯಲು ಬರುವಂಥ ಹೆಸರುಗಳನ್ನು ಇಡಬೇಕಾಯಿತು. ಆಡಿದ್ದನ್ನು ಉಳಿಸಿಡುವ ವ್ಯವಸ್ಥೆಯೂ ಗೇಮ್ ತುಂಬಿಕೊಡುತ್ತಿದ್ದ ಕಾರ್ಟ್ರಿಜ್‌ನಲ್ಲಿ ಇರಲಿಲ್ಲ. ಉದ್ದದ ಒಂದು ಪಾಸ್‌ವರ್ಡ್ ಕೊಡುತ್ತಿತ್ತು, ಅದನ್ನು ಮಕ್ಕಳು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ಒಂದು ಅಕ್ಷರ ತಪ್ಪಿದರೂ ಆಡಿದ್ದು ಹೋಯಿತು.

ಆ ಕಾಲದ ಗೇಮ್‌ಗಳಲ್ಲಿ ಒಂದು ದೊಡ್ಡ ದೋಷವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬಲ ಬರಬೇಕಾದರೆ ಒಂದೇ ಜಾಗದಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಾ ಅದೇ ಸಣ್ಣ ರಾಕ್ಷಸರನ್ನು ನೂರಾರು ಸಲ ಹೊಡೆಯಬೇಕಿತ್ತು. ಇವತ್ತು ಹಳೇ ಶೈಲಿ ಅಂತ ಮಾಡುವವರಲ್ಲಿ ಕೆಲವರು ಈ ದೋಷವನ್ನೂ ಭಕ್ತಿಯಿಂದ ಎತ್ತಿಕೊಂಡು ಬರುತ್ತಾರೆ. ಅಂಥವನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಮೆರಿಕದ ಜೀಬಾಯ್ಡ್ ಗೇಮ್ಸ್ ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಅಲ್ಲಿ ಇದ್ದಿದ್ದು ಮುಖ್ಯವಾಗಿ ಇಬ್ಬರು, ರಾಬರ್ಟ್ ಬಾಯ್ಡ್ ಮತ್ತು ಬಿಲ್ ಸ್ಟಿಯರ್ನ್‌ಬರ್ಗ್. 2010ರಲ್ಲಿ ಬ್ರೆತ್ ಆಫ್ ಡೆತ್ 7 ಮಾಡಿದರು. ಆಮೇಲೆ ಕ್ತುಲ್ಹು ಸೇವ್ಸ್ ದ ವರ್ಲ್ಡ್. ಲೋಕ ನಾಶ ಮಾಡಲು ಹೊರಟ ಕ್ತುಲ್ಹು ಅನ್ನುವ ದೈತ್ಯನ ಶಕ್ತಿಯೆಲ್ಲ ಹೋಗಿಬಿಡುತ್ತದೆ. ಅದನ್ನು ವಾಪಸ್ ಪಡೆಯಬೇಕಾದರೆ ಅವನು ಮೊದಲು ನಿಜವಾದ ವೀರನಾಗಿ ಲೋಕವನ್ನು ಕಾಪಾಡಬೇಕು! ಕಥೆ ನಗಿಸುತ್ತದೆ, ಆದರೆ ಕಲಿಯಬೇಕಾದದ್ದು ಆಟದ ಒಳಗಿನ ನಿಯಮಗಳಲ್ಲಿದೆ. ಪ್ರತಿ ಗುಹೆಯಲ್ಲೂ ತಾನಾಗಿ ಮೇಲೆ ಬೀಳುವ ಹೊಡೆದಾಟಗಳಿಗೆ ಒಂದು ಮಿತಿ ಇದೆ. ಅಷ್ಟು ಮುಗಿದ ಮೇಲೆ ಯಾರೂ ಅಡ್ಡ ಬರುವುದಿಲ್ಲ, ಆರಾಮಾಗಿ ಮೂಲೆ ಮೂಲೆ ನೋಡಬಹುದು. ಇನ್ನೂ ಹೊಡೆಯಬೇಕು ಅನ್ನಿಸಿದರೆ ಮೆನುವಿನಲ್ಲಿ ನೀವೇ ಕರೆಯಬಹುದು. ಪ್ರತಿ ಹೊಡೆದಾಟ ಮುಗಿದ ಮೇಲೆ ಆರೋಗ್ಯ ಪೂರ್ತಿ ತುಂಬುತ್ತದೆ. ಆದರೆ ಹೊಡೆದಾಟ ಎಳೆದಷ್ಟೂ, ಒಂದೊಂದು ಸುತ್ತಿಗೂ ಎದುರಾಳಿಯ ಬಲ ಏರುತ್ತದೆ. ಮದ್ದು ಕುಡಿಯುತ್ತಾ ಕಾಲ ತಳ್ಳುವ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ. ಬೇಗ ಮುಗಿಸಬೇಕು, ಬೇಗ ಮುಗಿಸಲು ಯೋಚಿಸಬೇಕು. ಇಬ್ಬರು ಕೂತು, ಇಪ್ಪತ್ತು ವರ್ಷದಿಂದ ನಡೆದುಬಂದ ಬೇಸರವನ್ನು ಎರಡು ಮೂರು ನಿಯಮದಲ್ಲಿ ಕಿತ್ತು ಹಾಕಿದ್ದಾರೆ. ಆದರೂ ನಮ್ಮ ಕಡೆ ಈ ಹೆಸರು ಕೇಳಿದವರು ಸಿಗುವುದೇ ಅಪರೂಪ.

ಇಂಥ ಗೇಮ್‌ಗಳಲ್ಲಿ ಅದೃಷ್ಟವೂ ಇರುತ್ತದಲ್ಲ, ಅದನ್ನು ಹೇಳಿಕೊಡಲು ತರಗತಿಯಲ್ಲಿ ನಾನು ಚೌಕಾಬಾರದ ಮಣೆ ಹಾಕುತ್ತೇನೆ. ಗಂಜೀಫಾ ಅನ್ನುವ ಹಳೇ ಇಸ್ಪೀಟಾಟದಲ್ಲಿ 360 ಎಲೆಗಳ ಆಟವನ್ನೇ ರೂಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಕೂತು ಆಟದ ಪಾಠಕ್ಕೆ ದೂರದ ಉದಾಹರಣೆ ಯಾಕೆ, ಅಲ್ವಾ? ನಾಲ್ಕು ಕವಡೆ. ಎರಡೂ ಕಡೆ ಸಮವಾಗಿ ಬೀಳುತ್ತವೆ ಅಂತ ಇಟ್ಟುಕೊಂಡರೆ ಒಟ್ಟು 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು 6 ಸಲ, ಚೌಕ, ಅಂದರೆ ನಾಲ್ಕು, ಬೀಳುವುದು ಒಂದೇ ಸಲ, ಬಾರ, ಅಂದರೆ ಎಂಟು, ಅದೂ ಒಂದೇ ಸಲ. ಅಂದರೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಮುಂದಿನ ಎಸೆತಕ್ಕೇ ಕಡಿಸಿಕೊಳ್ಳುವ ಭಯ ಜಾಸ್ತಿ, ನಾಲ್ಕು ಮನೆ ಮುಂದೆ ನಿಂತರೆ ಕಡಿಮೆ. ನಮ್ಮಜ್ಜಿಗೆ ಈ ಲೆಕ್ಕ ಬರೆದು ತೋರಿಸಲು ಬರುತ್ತಿರಲಿಲ್ಲ. ಆದರೆ ಅವರು ಕಾಯಿಯನ್ನು ಎರಡು ಮನೆ ದೂರದಲ್ಲಿ ನಿಲ್ಲಿಸಿದ್ದನ್ನು ನಾನು ನೋಡಿಯೇ ಇಲ್ಲ. ಕವಡೆ ನಮ್ಮ ಕೈಲಿಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಕೈಲಿದೆ.

ಇದೇ ಮಾತನ್ನು ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಆಡಿದರೆ ಮೈಯಲ್ಲಿ ಇಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪೂರ್ತಿ ಉಚಿತ, ಜಾಹೀರಾತಿನ ಕಾಟ ಇಲ್ಲ, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ವಾಟಾಬೌ ಅನ್ನುವವರು 2012ರಲ್ಲಿ ಪಿಕ್ಸೆಲ್ ಡಂಜನ್ ಮಾಡಿ, ಆಮೇಲೆ ಅದರ ಕೋಡ್ ಎಲ್ಲರಿಗೂ ತೆರೆದಿಟ್ಟರು. ಅದನ್ನು ತೆಗೆದುಕೊಂಡು ಇವಾನ್ ಡೆಬೆನ್‌ಹ್ಯಾಮ್ 2014ರಿಂದ ಬೆಳೆಸುತ್ತಾ ಬಂದಿದ್ದಾರೆ. ಇಲ್ಲಿ ಸತ್ತರೆ ಮತ್ತೆ ಮೊದಲಿಂದ. ಮದ್ದಿನ ಬಣ್ಣಗಳು ಪ್ರತಿ ಸಲ ಬದಲಾಗುತ್ತವೆ. ಹೋದ ಸಲ ಕೆಂಪು ಬುಡ್ಡಿ ಜೀವ ಉಳಿಸಿತ್ತು, ಈ ಸಲ ಅದೇ ಕೆಂಪು ಬುಡ್ಡಿ ಒಡೆದರೆ ಬೆಂಕಿ ಹತ್ತಬಹುದು.

ಬಾಗಿಲ ಹತ್ತಿರದ ಒಂದು ಪಟ್ಟು ಹೇಳುತ್ತೇನೆ. ರಾಕ್ಷಸ ಅಟ್ಟಿಸಿಕೊಂಡು ಬರುವಾಗ ಬಾಗಿಲು ದಾಟಿ, ಅದರ ಪಕ್ಕದಲ್ಲಿ ಅವನ ಕಣ್ಣಿಗೆ ಬೀಳದಂತೆ ನಿಂತುಬಿಡಿ. ಅವನು ಬಾಗಿಲಿಗೆ ಕಾಲಿಟ್ಟ ಕ್ಷಣ ಹೊಡೆದರೆ ಆ ಏಟು ತಪ್ಪುವುದೇ ಇಲ್ಲ. ಬಯಲಲ್ಲಿ ನಿಂತು ಹೊಡೆದರೆ ಅದು ಅದೃಷ್ಟಕ್ಕೆ ಬಿಟ್ಟಿದ್ದು. ಒತ್ತುವ ಗುಂಡಿ ಒಂದೇ, ನಿಂತ ಜಾಗ ಬೇರೆ. ಐದನೇ ಮಹಡಿಯಲ್ಲಿ ಗೂ ಅನ್ನುವ ಕಪ್ಪು ಲೋಳೆಯಂಥ ಪ್ರಾಣಿ ಇದೆ. ಅದು ಉಬ್ಬತೊಡಗಿದರೆ ದೊಡ್ಡ ಏಟು ಬರುತ್ತದೆ ಅಂತ ಅರ್ಥ. ಆಗ ಹೊಡೆಯುವ ಆಸೆ ಬಿಟ್ಟು ದೂರ ಸರಿಯಬೇಕು. ಅದು ನೀರಿನಲ್ಲಿ ನಿಂತರೆ ಗಾಯ ಮಾಯುತ್ತದೆ, ಹಾಗಾಗಿ ಒಣ ನೆಲಕ್ಕೆ ಎಳೆದುಕೊಂಡು ಬರಬೇಕು. ಇಷ್ಟು ತಿಳಿದುಕೊಳ್ಳಲು ನನಗೆ ಬೆಂಗಳೂರಿಗೆ ನಾಲ್ಕು ಸಲ ರೈಲಿನಲ್ಲಿ ಹೋಗಿಬರುವಷ್ಟು ಹೊತ್ತು ಹಿಡಿಯಿತು.

ಓದುವುದು ಇಷ್ಟ ಇರುವವರಿಗೆ ಮೂನ್‌ರಿಂಗ್ ಇದೆ. ಫೇಬಲ್ ಗೇಮ್ ಕಟ್ಟಿದವರಲ್ಲಿ ಒಬ್ಬರಾದ ಡೀನ್ ಕಾರ್ಟರ್ 2023ರಲ್ಲಿ ಇದನ್ನು ಸ್ಟೀಮ್‌ನಲ್ಲಿ ಉಚಿತವಾಗಿಯೇ ಬಿಟ್ಟರು. 1980ರ ದಶಕದ ಅಲ್ಟಿಮಾ ಗೇಮ್‌ಗಳ ದಾರಿಯದು. ಊರಿನವರ ಹತ್ತಿರ ಮಾತಾಡುವಾಗ ಏನು ಕೇಳಬೇಕು ಅನ್ನುವ ಪದವನ್ನು ನೀವೇ ಟೈಪ್ ಮಾಡಬೇಕು. ಒಬ್ಬರ ಮಾತಿನಲ್ಲಿ ಸಿಕ್ಕ ಹೆಸರು ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಬಾಯಿ ಬಿಡಿಸುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇಂಗ್ಲಿಷ್ ಓದಲು ಸ್ವಲ್ಪ ಕಷ್ಟ ಅನ್ನುವವರು ಇದರಿಂದ ಶುರು ಮಾಡಬೇಡಿ. ಹೆಲೆನ್ ಅಥವಾ ಪಿಕ್ಸೆಲ್ ಡಂಜನ್ ಸಾಕು, ಅವುಗಳಲ್ಲಿ ಮಾತು ಕಡಿಮೆ.

ಕೊಳ್ಳುವವರಿಗೆ ಎರಡು ಮಾತು. ಸ್ಟೀಮ್‌ನಲ್ಲಿ ಕೊಂಡು 14 ದಿನ ಆಗಿರದಿದ್ದರೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಅಟ್ಯಾಕ್ ಪರೀಕ್ಷೆಗೆ ಅರ್ಧ ಗಂಟೆಯೇ ಜಾಸ್ತಿ. ಇನ್ನೊಂದು, ಆರ್‌ಪಿಜಿ ಮೇಕರ್ ಅನ್ನುವ ಟೂಲ್‌ನ ಜೊತೆಗೇ ಬರುವ ಚಿತ್ರಗಳನ್ನು ಬಳಸಿದ್ದಾರೆ ಅಂತ ಯಾವ ಗೇಮನ್ನೂ ತಳ್ಳಿಹಾಕಬೇಡಿ. ಅದೇ ಮರ, ಅದೇ ಮನೆ, ಅದೇ ಬಾವಿ ನೂರು ಗೇಮ್‌ಗಳಲ್ಲಿ ಕಾಣುತ್ತವೆ, ನಿಜ. ಆದರೆ ಚಿತ್ರ ಬರೆಸಲು ದುಡ್ಡಿಲ್ಲದವರ ತಲೆಯಲ್ಲಿ ಒಳ್ಳೆಯ ಆಟ ಇರಬಾರದು ಅಂತೇನಿಲ್ಲವಲ್ಲ.

ಪಾಂಡವಪುರದ ಹುಡುಗ ಈಗ ತಾನೇ ಒಂದು ಗೇಮ್ ಮಾಡುತ್ತಿದ್ದಾನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು, ಹೊಡೆದಾಟಕ್ಕೆ ದಾಳದ ಬದಲು ಕವಡೆ. ಮಾತೆಲ್ಲ ಕನ್ನಡದಲ್ಲೇ ಇರಬೇಕು ಅಂತ ಹಟ. ನಾವು ಬಳಸುವ ಟೂಲ್ ಮಾತುಗಳನ್ನು ಪೆಟ್ಟಿಗೆಯೊಳಗೆ ಒಂದೊಂದೇ ಅಕ್ಷರವಾಗಿ ಮೂಡಿಸುತ್ತದೆ. ಇಂಗ್ಲಿಷಿಗೆ ಅದು ಸರಿ. "ಬೆಟ್ಟ" ಅಂತ ಬರೆದರೆ ಟ ಬೇರೆ, ಅರ್ಧಾಕ್ಷರದ ಚಿಹ್ನೆ ಬೇರೆ, ಇನ್ನೊಂದು ಟ ಬೇರೆ ಆಗಿ ಸಾಲಾಗಿ ಬಂದು ನಿಂತವು. ಎರಡು ಸಂಜೆ ಕೂತು, ಒತ್ತಕ್ಷರ ಸೇರಿದಂತೆ ಪೂರ್ತಿ ಅಕ್ಷರವನ್ನು ಒಂದೇ ತುಂಡಾಗಿ ಕೊಡುವ ಹಾಗೆ ಕೋಡ್ ಬದಲಾಯಿಸಿದೆವು. ಈಗ "ಬೆಟ್ಟ" ಬೆಟ್ಟವಾಗಿಯೇ ಬರುತ್ತದೆ. ಆದರೆ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ, ಮೂರು ಸಾಲು ಹಿಡಿಸುತ್ತಿದ್ದ ಪೆಟ್ಟಿಗೆಯಲ್ಲಿ ಎರಡೇ ಸಾಲು ಹಿಡಿಸುತ್ತಿದೆ. ಹಾಗಾಗಿ ಬರೆದಿದ್ದ ಮಾತುಗಳನ್ನೆಲ್ಲ ಅವನು ಮತ್ತೆ ಕೂತು ಎರಡು ಸಾಲಿಗೆ ಇಳಿಸುತ್ತಿದ್ದಾನೆ. ನಿನ್ನೆ ನಂದಿಯ ಹತ್ತಿರದವರೆಗೆ ಮುಗಿದಿತ್ತು.