ಮೆತ್ತನೆಯ ಆಟದ ಮನೆಗೆ ಬೆಂಕಿಯ ಅಳತೆ

1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಮನರಂಜನಾ ಉದ್ಯಾನವೊಂದರಲ್ಲಿದ್ದ 'ಹಾಂಟೆಡ್ ಕ್ಯಾಸಲ್' ಎಂಬ ಭೂತಬಂಗಲೆ ಹೊತ್ತಿ ಉರಿದು, ಹದಿಹರೆಯದ ಎಂಟು ಮಂದಿ ಪ್ರಾಣ ಕಳೆದುಕೊಂಡರು. ಗೋಡೆಗೆ ಮೆತ್ತೆಯಾಗಿ ಹಚ್ಚಿದ್ದ ಪಾಲಿಯುರಿಥೇನ್ ಫೋಮಿಗೆ ಸಿಗರೇಟ್ ಲೈಟರಿನ ಕಿಡಿಯೇ ಸಾಕಾಗಿತ್ತು. ಟ್ರೇಲರ್‌ಗಳನ್ನು ಜೋಡಿಸಿ ಕಟ್ಟಿದ್ದ ಆ ರಚನೆಯನ್ನು ತಾತ್ಕಾಲಿಕವೆಂದು ಎಣಿಸಿದ್ದರಿಂದ ಅಲ್ಲಿ ಬೆಂಕಿ ಬಿದ್ದಾಗ ತಾವಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿರಲಿಲ್ಲ. ಅದು ಚಿಕ್ಕ ಮಕ್ಕಳ ಆಟದ ಮನೆಯಲ್ಲ, ನಿಜ. ಆದರೆ ಪೆಟ್ಟು ತಪ್ಪಿಸುವ ಮೆತ್ತೆಯೇ ಉರುವಲಾಗುವ ಅಪಾಯ ಎರಡರಲ್ಲೂ ಒಂದೇ.

ಆ ಕಾಲದಲ್ಲಿ ಕಟ್ಟಡ ಸಾಮಗ್ರಿಗಳ ಮುಖ್ಯ ಒರೆಗಲ್ಲು ಸುರಂಗ ಪರೀಕ್ಷೆಯಾಗಿತ್ತು. ಮಾದರಿಯನ್ನು ಉದ್ದನೆಯ ಸುರಂಗದ ಚಾವಣಿಗೆ ಜೋಡಿಸಿ, ಜ್ವಾಲೆ ಎಷ್ಟು ದೂರ ಹರಿಯುತ್ತದೆಂದು ನೋಡುತ್ತಿದ್ದರು. ಮರಕ್ಕೆ ಇದು ಒಪ್ಪುತ್ತಿತ್ತು. ಕರಗಿ ತೊಟ್ಟಿಕ್ಕುವ ಪ್ಲಾಸ್ಟಿಕ್ ಮಾತ್ರ ಚಾವಣಿಯಿಂದ ಕಳಚಿಬಿದ್ದು ಒಳ್ಳೆಯ ಅಂಕ ಪಡೆಯಬಲ್ಲದಾಗಿತ್ತು. ಇಂಥ ಅಂಕಗಳ ಬಲದಿಂದ ಫೋಮನ್ನು 'ತಾನಾಗಿಯೇ ಆರುವಂಥದ್ದು' ಎಂದು ಮಾರುವುದಕ್ಕೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ತಡೆ ಹಾಕಿತ್ತು.

ಕೇಳಬೇಕಾದ ಪ್ರಶ್ನೆಯೇ ಬೇರೆಯಾಗಿತ್ತು: ಉರಿದಾಗ ಪ್ರತಿ ಕ್ಷಣಕ್ಕೆ ಎಷ್ಟು ಶಾಖ ಹೊಮ್ಮುತ್ತದೆ? ಸಾಮಾನ್ಯವಾಗಿ ಉರಿಯುವ ಬಹುತೇಕ ಸಾವಯವ ವಸ್ತುಗಳಲ್ಲಿ ಬಳಕೆಯಾಗುವ ಪ್ರತಿ ಕಿಲೋಗ್ರಾಂ ಆಮ್ಲಜನಕಕ್ಕೆ ಸುಮಾರು 13.1 ಮೆಗಾಜೂಲ್ ಶಾಖ ಹೊರಬೀಳುತ್ತದೆಂದು ಬೆಂಕಿಯ ಸಂಶೋಧಕ ಕ್ಲೇಟನ್ ಹಗೆಟ್ 1980ರಲ್ಲಿ ತೋರಿಸಿದರು. ಈ ತತ್ವದ ಮೇಲೆ ವೈಟೆನಿಸ್ ಬಾಬ್ರೌಸ್ಕಸ್ 1982ರಲ್ಲಿ ಕೋನ್ ಕ್ಯಾಲೊರಿಮೀಟರ್ ಎಂಬ ಶಾಖ ಅಳೆಯುವ ಉಪಕರಣ ರೂಪಿಸಿದ ಮೇಲೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದೇ ಬೆಂಕಿಯ ಬಲವನ್ನು ಹೇಳುವುದು ಸಾಧ್ಯವಾಯಿತು.

ಅಮೆರಿಕದ ಮಾದರಿ ಕಟ್ಟಡ ಸಂಹಿತೆಯಲ್ಲಿ (ರಾಜ್ಯಗಳು ಅಳವಡಿಸಿಕೊಳ್ಳಬಹುದಾದ ನಿಯಮಾವಳಿ) ಮಕ್ಕಳ ಆಟದ ರಚನೆಗಳ ನಿಯಮ ಮೊದಲು ಮಾಲ್‌ಗಳ ಅಧ್ಯಾಯದಲ್ಲಿದ್ದು, ಬಳಿಕ ಸ್ವತಂತ್ರ ವಿಭಾಗವಾಯಿತು. ಸುಮಾರು 3 ಮೀಟರ್ ಎತ್ತರ ಮತ್ತು 14 ಚದರ ಮೀಟರ್ ವಿಸ್ತೀರ್ಣ ಮೀರಿದ ರಚನೆಯ ಫೋಮು ನಿಗದಿತ ಪರೀಕ್ಷೆಯಲ್ಲಿ 100 ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖ ಬಿಡುವಂತಿಲ್ಲ; ಮಕ್ಕಳು ಮುಳುಗಿ ಆಡುವ ಬಾಲ್ ಪೂಲಿನ ಚೆಂಡುಗಳನ್ನು ರಾಶಿಯಾಗಿ ಉರಿಸಿದಾಗಲೂ ಇದೇ ಮಿತಿ. ಗಟ್ಟಿ ಪ್ಲಾಸ್ಟಿಕ್ಕಿಗೆ ಕೋನ್ ಕ್ಯಾಲೊರಿಮೀಟರಿನಲ್ಲಿ ಚದರ ಮೀಟರಿಗೆ 400 ಕಿಲೋವ್ಯಾಟ್ ಗರಿಷ್ಠ. ಒಂದೊಂದು ಚೆಂಡು ನಿರುಪದ್ರವಿ. ರಾಶಿಯಾದಾಗ ಅದೇ ಸೌದೆಯ ಒಟ್ಟಿಲು. ಆದ್ದರಿಂದ ರಾಶಿಯನ್ನೇ ಉರಿಸಿ ನೋಡಬೇಕೆಂಬ ಈ ನಿಯಮ ನನಗೆ ಉಳಿದೆಲ್ಲಕ್ಕಿಂತ ವಿವೇಕದ್ದಾಗಿ ಕಾಣುತ್ತದೆ.

2018ರ ಮಾರ್ಚ್ 25ರಂದು ರಷ್ಯಾದ ಕೆಮೆರೊವೊ ನಗರದ ಮಾಲ್ ಒಂದರಲ್ಲಿ ಮಕ್ಕಳ ಆಟದ ವಲಯದ ಫೋಮ್ ತುಂಡುಗಳ ಗುಂಡಿಗೆ ಬೆಂಕಿ ಬಿತ್ತು. ಸತ್ತ 60 ಮಂದಿಯಲ್ಲಿ 37 ಮಕ್ಕಳು, ಮತ್ತು ಬಹಳಷ್ಟು ಮಂದಿ ಇದ್ದದ್ದು ಆ ಗುಂಡಿಯಲ್ಲಲ್ಲ, ಅದೇ ಮಹಡಿಯ ಚಿತ್ರಮಂದಿರದಲ್ಲಿ. ಅಮೆರಿಕದ ಸಂಹಿತೆ ಸಾಮಗ್ರಿಯನ್ನಷ್ಟೇ ನೋಡದೆ ಸ್ಪ್ರಿಂಕ್ಲರ್ ಕೇಳುವುದೂ, ಆಟದ ರಚನೆ ಗೋಡೆಗಳಿಂದ ಮತ್ತು ಹೊರಹೋಗುವ ದಾರಿಯಿಂದ ಕನಿಷ್ಠ ಒಂದೂವರೆ ಮೀಟರ್, ಇನ್ನೊಂದು ಆಟದ ರಚನೆಯಿಂದ 6 ಮೀಟರ್ ದೂರವಿರಬೇಕೆನ್ನುವುದೂ ಇಂಥ ಹರಡುವಿಕೆಯನ್ನು ತಡೆಯಲೆಂದೇ.