ಮರೆವಿಗಿಂತ ಒಂದು ಹೆಜ್ಜೆ ಮುಂದೆ

ಡಿಮೆನ್ಶಿಯಾ ಎಂದ ಕೂಡಲೇ ಕಣ್ಣಮುಂದೆ ಬರುವುದು ಮಕ್ಕಳ ಹೆಸರು ಮರೆತ ಅಜ್ಜ, ದಾರಿ ತಪ್ಪಿ ಎಲ್ಲೋ ಕೂತ ಅಜ್ಜಿ. ಆದರೆ ನೆನಪನ್ನೂ ಬುದ್ಧಿಯನ್ನೂ ಮೆಲ್ಲಮೆಲ್ಲನೆ ಕುಗ್ಗಿಸುವ ಈ ಕಾಯಿಲೆ ಶುರುವಾಗುವುದು ಅಲ್ಲಿಂದಲ್ಲ. ಅದಕ್ಕೂ ಮೊದಲೇ ಅಡಿಕೆ ಮಾರಿದ ಚೀಟಿ ಕಾಣೆಯಾಗಿರುತ್ತದೆ, ತೋಟದ ಕೆಲಸದವರಿಗೆ ಒಂದೇ ವಾರದ ಸಂಬಳ ಎರಡು ಸಲ ಸಂದಿರುತ್ತದೆ, ಸೊಸೈಟಿ ಸಾಲದ ಕಂತು ತಪ್ಪಿರುತ್ತದೆ. ಮನೆಯವರು "ಪ್ರಾಯ ಆಯ್ತಲ್ಲ, ಅರಳು ಮರುಳು" ಎಂದು ಸುಮ್ಮನಾಗುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತಿದು. ಆ ಸುಮ್ಮನಿರುವ ಕಾಲವೇ ತಯಾರಿಯ ಕಾಲ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಈ ಕಾಯಿಲೆಗೆ ಒಂದು ಕ್ರಮವಿದೆ. ಡಿಮೆನ್ಶಿಯಾದ ಪ್ರಕರಣಗಳಲ್ಲಿ ಶೇಕಡಾ 60ರಿಂದ 70ರಷ್ಟು ಆಲ್‌ಝೈಮರ್ ಕಾಯಿಲೆಯವು. ಅದರಲ್ಲಿ ಟೌ ಎಂಬ ಪ್ರೋಟೀನಿನ ಸಿಕ್ಕುಗಳು ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಮತ್ತು ಅದರ ಪಕ್ಕದ ಭಾಗದಲ್ಲಿ ಮೊದಲು ಕಾಣಿಸಿಕೊಂಡು, ಆಮೇಲೆ ಮಿದುಳಿನ ಹೊರಪದರಕ್ಕೆ ಹಬ್ಬುತ್ತವೆ. ಅದಕ್ಕೇ ಬೆಳಗ್ಗಿನ ತಿಂಡಿ ಮರೆತುಹೋದರೂ ಐವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ. ಅಮೆರಿಕದ ವೈದ್ಯ ಬ್ಯಾರಿ ರೀಸ್‌ಬರ್ಗ್ ಈ ನಷ್ಟಗಳನ್ನು ಹಂತಹಂತವಾಗಿ ಗುರುತಿಸಿದರು. ಮೊದಲು ಹಣಕಾಸಿನಂಥ ತೊಡಕಿನ ಕೆಲಸ, ಆಮೇಲೆ ಬಟ್ಟೆ ಆರಿಸಿ ಉಡುವುದು, ಸ್ನಾನ, ಶೌಚ, ಮಾತು, ನಡಿಗೆ. ಮಗು ಕಲಿತ ಕ್ರಮದ ತಿರುವುಮುರುವು. ಎಲ್ಲರಲ್ಲೂ ಗೆರೆ ಎಳೆದಂತೆ ಹೀಗೇ ಆಗುವುದಿಲ್ಲ. ಪಾರ್ಶ್ವವಾಯುವಿನಿಂದ ಬಂದ ಡಿಮೆನ್ಶಿಯಾದ ದಾರಿಯೇ ಬೇರೆ. ಆದರೂ ಮುಂದೇನು ಹೋಗುತ್ತದೆ ಎಂಬ ಅಂದಾಜು ಸಿಕ್ಕರೆ, ಅದು ಹೋಗುವ ಮುಂಚೆ ನಾವು ಅಲ್ಲಿರಬಹುದು.

ಮೊದಲು ಒಂದು ತುರ್ತು ಮಾತು. ಎಲ್ಲ ಮರೆವೂ ಆಲ್‌ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ಕುಂದುವುದು, ಖಿನ್ನತೆ, ಜಾರಿಬಿದ್ದು ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಇವೆಲ್ಲ ಅದೇ ವೇಷದಲ್ಲಿ ಬರುತ್ತವೆ ಮತ್ತು ಇವಕ್ಕೆ ಚಿಕಿತ್ಸೆ ಇದೆ. ರಕ್ತ ಪರೀಕ್ಷೆ, ಸ್ಕ್ಯಾನ್ ಆಗದೆ ಯಾವ ತೀರ್ಮಾನಕ್ಕೂ ಬರಬೇಡಿ.

ಕಾಯಿಲೆ ಖಚಿತವಾದರೆ ಮೊದಲು ಕಾಗದಪತ್ರ. ಯಾಕೆಂದರೆ ಲೆಕ್ಕಾಚಾರದ ಶಕ್ತಿಯೇ ಮೊದಲು ಹೋಗುವಂಥದ್ದು. ನಮ್ಮ ಕಡೆ "ಅಪ್ಪನಿಂದ ಪವರ್ ಆಫ್ ಅಟಾರ್ನಿ ಬರೆಸಿಕೊಂಡಿದ್ದೇವೆ, ಇನ್ನು ಚಿಂತೆ ಇಲ್ಲ" ಎನ್ನುವವರು ತುಂಬಾ ಇದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಅಂದರೆ ಯಾವ ದಿನಕ್ಕೆಂದು ಬರೆಸಿದ್ದೇವೋ ಅದೇ ದಿನ ಅದು ಕೆಲಸಕ್ಕೆ ಬಾರದು. ಬ್ಯಾಂಕ್ ಖಾತೆಯನ್ನು ಜಂಟಿ ಮಾಡುವುದು, ನಾಮಿನಿ ಸರಿಪಡಿಸುವುದು, ವೀಲುನಾಮೆ, ಇವೆಲ್ಲ ಅವರಿಗೆ ತಿಳಿದು ಸಹಿ ಹಾಕುವ ಶಕ್ತಿ ಇರುವಾಗಲೇ ಆಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೊಂದು ದಾರಿ ತೆರೆದಿದೆ. ಮುಂದೆ ನನಗೆ ಇಂಥ ಚಿಕಿತ್ಸೆ ಬೇಕು, ಇಂಥದ್ದು ಬೇಡ, ನನ್ನ ಪರವಾಗಿ ಇಂಥವರು ಮಾತಾಡಲಿ ಎಂದು ರೋಗಿಯೇ ಮುಂಚಿತವಾಗಿ ಬರೆದಿಡಬಹುದು. ಕಾಲ ಮೀರಿದ ಮೇಲೆ ಉಳಿಯುವುದು ರಕ್ಷಕರ ನೇಮಕಕ್ಕೆ ನ್ಯಾಯಾಲಯದ ಅಲೆದಾಟ.

ನಮ್ಮ ಜಿಲ್ಲೆಯ ಮಟ್ಟಿಗೆ ಆಸ್ತಿಗಿಂತಲೂ ದೊಡ್ಡ ವಿಷಯ ಒಂದಿದೆ: ಭಾಷೆ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಊರುಗಳಲ್ಲಿ ಒಂದೇ ಭಾಷೆಯಲ್ಲಿ ಬದುಕಿದವರು ಕಡಿಮೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆ ಮತ್ತು ಕಚೇರಿಯಲ್ಲಿ ಮಲಯಾಳ. ಇದು ಮಿದುಳಿಗೆ ಒಳ್ಳೆಯದೇ ಇರಬಹುದು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು.

ಆದರೆ ಕಾಯಿಲೆ ಬಲಿತ ಮೇಲೆ ಅನೇಕರು ಆಮೇಲೆ ಕಲಿತ ಭಾಷೆಗಳನ್ನು ಬಿಟ್ಟುಕೊಟ್ಟು ತಾಯಿಯ ಮಡಿಲಲ್ಲಿ ಕಲಿತ ಮಾತಿಗೆ ಹಿಂತಿರುಗುತ್ತಾರೆ. ಕುಂಬಳೆ ಹತ್ತಿರದ ಒಂದು ತುಳು ಮನೆಯನ್ನೇ ನೋಡಿ. ಮಕ್ಕಳು ಬೆಂಗಳೂರು, ದುಬೈ. ಸೊಸೆ ಶಾಲೆಯ ಕೆಲಸಕ್ಕೆ ಹೋಗುವಾಗ ಹೋಂ ನರ್ಸ್ ಇರುತ್ತಾರೆ. ಆಕೆ ತೆಂಕಣ ಜಿಲ್ಲೆಯವರು, ಒಳ್ಳೆಯ ಹುಡುಗಿ, ಬರುವುದು ಮಲಯಾಳ ಮಾತ್ರ. ಮೊದಲೆಲ್ಲ ಮಲಯಾಳದಲ್ಲೇ ಮೀನಿನವನ ಹತ್ತಿರ ಚೌಕಾಸಿ ಮಾಡುತ್ತಿದ್ದ ಅಜ್ಜಿ ಈಗ "ಬಾಜೆಲ್" ಎನ್ನುತ್ತಾರೆ. ಬಾಯಾರಿಕೆ ಎಂದರ್ಥ. ನರ್ಸಿಗೆ ಅರ್ಥವಾಗುವುದಿಲ್ಲ, ಮಗ್ಗುಲು ಬದಲಿಸಿ ಮಲಗಿಸುತ್ತಾಳೆ. ಅಜ್ಜಿ ಕೂಗುತ್ತಾರೆ, ಕೈ ಬೀಸುತ್ತಾರೆ. ಸಂಜೆ ಸೊಸೆಗೆ ಸಿಗುವ ವರದಿ: ಇವತ್ತು ತುಂಬಾ ಗಲಾಟೆ. ಸೊಸೆ ಹತ್ತಿರ ಕೂತು "ನೀರ್ ಬೋಡಾ ಮಾಮಿ?" ಎಂದು ಕೇಳಿದರೆ ಎರಡು ಲೋಟ ಗಟಗಟ ಇಳಿಯುತ್ತದೆ.

ಇದು ಬರೀ ಮರುಕದ ಕತೆಯಲ್ಲ, ವೈದ್ಯಕೀಯದ ಮಾತು. ವಯಸ್ಸಾದವರ ದೇಹದಲ್ಲಿ ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆ ಬರುತ್ತವೆ. ಡಿಮೆನ್ಶಿಯಾ ಇದ್ದವರಲ್ಲಿ ಇವಿಷ್ಟೇ ಸಾಕು, ಒಂದೆರಡು ದಿನದಲ್ಲಿ ದಿಕ್ಕುತಪ್ಪಿದಂತಾಗಿ ಇಲ್ಲದ್ದು ಕಾಣಲು ತೊಡಗುತ್ತದೆ. ಡೆಲಿರಿಯಂ ಎನ್ನುವುದು ಇದಕ್ಕೇ. ಕಾಯಿಲೆ ಜೋರಾಯಿತೆಂದು ನಿದ್ದೆಮಾತ್ರೆ ಕೊಟ್ಟರೆ ಇನ್ನಷ್ಟು ಕೆಡುತ್ತದೆ. ಹಠಾತ್ತನೆ ಹದಗೆಟ್ಟರೆ ಮೊದಲು ಹುಡುಕಬೇಕಾದದ್ದು ಸೋಂಕು, ನೋವು, ನೀರಿನ ಕೊರತೆ.

ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು, ಒಂದು ನೋಟ್‌ಬುಕ್ ಇಡಿ. ಹಸಿವು, ಬಾಯಾರಿಕೆ, ನೋವು, ಚಳಿ, ಶೌಚ, ಇವಕ್ಕೆ ಅವರು ಬಾಲ್ಯದಿಂದ ಆಡುವ ಮಾತು ಯಾವುದೋ ಅದನ್ನು ಮಲಯಾಳ ಲಿಪಿಯಲ್ಲಿ ಬರೆದು ಹಾಸಿಗೆ ಪಕ್ಕದ ಗೋಡೆಗೂ ಅಂಟಿಸಿ. ಯಾವ ಭಜನೆ, ಯಾವ ಯಕ್ಷಗಾನದ ಪದ, ಗದ್ದೆಯಲ್ಲಿ ನೇಜಿ ನೆಡುವಾಗಿನ ಯಾವ ಪಾಡ್ದನ ಇಷ್ಟ ಎಂದು ಅವರನ್ನೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಹಾಡುಗಳ ನೆನಪನ್ನು ಹಿಡಿದಿಡುವ ಮಿದುಳಿನ ಭಾಗಗಳು ಆಲ್‌ಝೈಮರ್‌ನಲ್ಲಿ ತಡವಾಗಿ ಕೆಡುತ್ತವೆ. ಮಾತು ಕೈಕೊಟ್ಟ ಮೇಲೆ ಸ್ನಾನಕ್ಕೆ ಒಪ್ಪಿಸುವ ಉಪಾಯ ಒಂದು ಹಾಡೇ ಆಗಬಹುದು. ನೆನಪಿನ ಪರೀಕ್ಷೆಗೆ ಹೋದಾಗಲೂ ಯಾವ ಭಾಷೆಯಲ್ಲಿ ಮಾಡುತ್ತೀರಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಲಕರಣೆ ಕನ್ನಡ, ಮಲಯಾಳ ಸೇರಿ ಐದು ಭಾಷೆಗಳಲ್ಲಿದೆ. ತುಳು ಅದರಲ್ಲಿಲ್ಲ. ಅರ್ಧಂಬರ್ಧ ಬರುವ ಭಾಷೆಯಲ್ಲಿ ಕೇಳಿದರೆ ಇದ್ದುದಕ್ಕಿಂತ ಹೆಚ್ಚು ಮರೆವು ಕಾಣುತ್ತದೆ.

ಮನೆಯನ್ನು ನೋಡುವಾಗ ನಮ್ಮ ಅಂಗಳಗಳನ್ನೇ ನೋಡಬೇಕು, ವಿದೇಶಿ ಪುಸ್ತಕದ ಪಟ್ಟಿಯನ್ನಲ್ಲ. ಕಟ್ಟೆ ಗಿಡ್ಡವಾದ ಬಾವಿಗೆ ಕಬ್ಬಿಣದ ಬಲೆ ಹಾಕಿಸಿ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿ, ಮಳೆನೀರು ನಿಲ್ಲುವ ಮದಕ, ತೋಟದ ಕಣಿಗೆ ದಾಟಿಸಿದ ಅಡಿಕೆ ಮರದ ಸಂಕ (ಕಾಲುಸೇತುವೆ), ಒಂದೊಂದನ್ನೂ ನಡೆದು ನೋಡಿ. ತೋಟಕ್ಕೆ ಮದ್ದು ಬಿಡಲು ತಂದ ಮೈಲುತುತ್ತು ಜಗಲಿಯ ಮೂಲೆಯಲ್ಲಿರುವುದು ಸಾಮಾನ್ಯ. ಬೀಗದೊಳಗೆ ಇಡಿ. ಇಳಿಸಂಜೆಗೆ ಅನೇಕರು ಸ್ವಂತ ಮನೆಯಲ್ಲೇ ಕೂತು "ಇಲ್ಲಡೆ ಪೋಪೆ", ಮನೆಗೆ ಹೋಗುತ್ತೇನೆ ಎಂದು ಹೊರಡುತ್ತಾರೆ. ಹಗಲು ರಾತ್ರಿಯ ಗಡಿಯಾರ ನೋಡಿಕೊಳ್ಳುವ ಮಿದುಳಿನ ಕೋಶಗಳೂ ಸವೆಯುವುದು ಇದಕ್ಕೊಂದು ಕಾರಣ. ಇದೇ ನಿಮ್ಮ ಮನೆ ಎಂದು ವಾದಿಸಬೇಡಿ. ಬೆಳಗ್ಗೆ ಬಿಸಿಲಿಗೆ ಕೂರಿಸಿ, ಸಂಜೆ ದೀಪ ಬೇಗ ಹಾಕಿ, ಜೊತೆಯಲ್ಲಿ ಅಂಗಳಕ್ಕೊಂದು ಸುತ್ತು ಹಾಕಿಸಿ.

ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆಗಳು ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ರೋಗ ಗೊತ್ತಾದ ಮೇಲೆ ನಾಲ್ಕರಿಂದ ಎಂಟು ವರ್ಷ ಬದುಕುವವರು ಹೆಚ್ಚು, ಕೆಲವರು ಇಪ್ಪತ್ತು ವರ್ಷವೂ ಬದುಕುತ್ತಾರೆ. ಇಷ್ಟು ದೀರ್ಘ ಓಟವನ್ನು ಒಬ್ಬಳೇ ಸೊಸೆಯ ಅಥವಾ ಮದುವೆಯಾಗದ ಒಬ್ಬಳೇ ಮಗಳ ತಲೆಗೆ ಕಟ್ಟುವುದು ಅನ್ಯಾಯ. ನೋಡಿಕೊಳ್ಳುವವರೇ ಖಿನ್ನತೆಗೆ ಜಾರುತ್ತಾರೆ.

ಇಲ್ಲಿ ಕೇರಳದಲ್ಲಿರುವುದರ ಲಾಭವೊಂದಿದೆ. ಗುಣವಾಗದ ಕಾಯಿಲೆಯವರ ನೋವು, ಕಷ್ಟ ತಗ್ಗಿಸುವ ಉಪಶಾಮಕ (ಪಾಲಿಯೇಟಿವ್) ಆರೈಕೆಗೆ 2008ರಲ್ಲೇ ಈ ರಾಜ್ಯ ನೀತಿ ರೂಪಿಸಿತು. ಪಂಚಾಯತಿಯ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅದು ಕ್ಯಾನ್ಸರಿಗೆ ಮಾತ್ರ ಎಂದುಕೊಂಡವರು ಇದ್ದಾರೆ, ಹಾಗಲ್ಲ. ಹಾಸಿಗೆ ಹಿಡಿದ ಮೇಲೆ ಕಾಯದೆ ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಕೊಡಿ. ಮಂಗಳೂರಿನ ವೈದ್ಯರನ್ನೇ ನಂಬಿದವರು ಗಡಿಯ ಈಚೆಯೂ ಒಬ್ಬರನ್ನು ಗುರುತು ಮಾಡಿಕೊಳ್ಳಿ. 2020ರ ಮಾರ್ಚ್ ಕೊನೆಗೆ ಕೊರೋನಾದಿಂದಾಗಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳಿಗೆ ಆದ ಪಾಡು ಇಲ್ಲಿ ಯಾರೂ ಮರೆತಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಫೋನಿನಲ್ಲಿರಲಿ.

ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾಗುತ್ತದೆ, ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆಗ ಮೂಗಿಗೆ ಟ್ಯೂಬ್ ಹಾಕೋಣವೇ ಎಂಬ ಪ್ರಶ್ನೆ ಬರುತ್ತದೆ. ಬಲಿತ ಡಿಮೆನ್ಶಿಯಾದಲ್ಲಿ ಟ್ಯೂಬಿನಿಂದ ಆಯುಷ್ಯ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನೆಟ್ಟಗೆ ಕೂರಿಸಿ, ಮಂದವಾಗಿ ಮಾಡಿ, ಚಮಚದಲ್ಲಿ ಇಷ್ಟಿಷ್ಟೇ ಉಣಿಸುವುದೇ ಮೇಲು ಎನ್ನುತ್ತಾರೆ ತಜ್ಞರು. ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನೂ ಬರೆದಿಡಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ವಿಧಾನ ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಇದ್ದರೆ ಸಾಕು.

ಇದನ್ನೆಲ್ಲ ಮಾತಾಡುವುದು ಯಾವಾಗ? ಕುಟುಂಬದ ದೈವಕ್ಕೆ ನೇಮವೋ ತಂಬಿಲವೋ ಇದ್ದಾಗ ದುಬೈಯವರೂ ಬೆಂಗಳೂರಿನವರೂ ಊರಿಗೆ ಬರುತ್ತಾರೆ. ಮರುದಿನ ಹೊರಡುವ ಮುಂಚೆ ಎರಡು ಗಂಟೆ ಕೂರಿ. ಯಾರು ದುಡ್ಡು ಕೊಡುತ್ತಾರೆ, ಯಾರು ರಜೆ ಹಾಕಿ ಒಂದು ತಿಂಗಳು ಬಂದು ಸೊಸೆಗೆ ಬಿಡುವು ಕೊಡುತ್ತಾರೆ ಎಂದು ಹೆಸರು ಹಾಕಿ ಬರೆಯಿರಿ. ಆ ಜಗಲಿಯಲ್ಲಿ ಮೊದಲ ಕುರ್ಚಿ ಅಪ್ಪನದೋ ಅಮ್ಮನದೋ ಆಗಿರಲಿ, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.